ಜಪ್ತಿಗೆ ಸಿಗದ ಸೊತ್ತು

ಸಾಲ ತೀರಿಸಲಾಗದೆ ಕೈಚೆಲ್ಲಿದವನಿಂದ ಏನೇನನ್ನು ಒಯ್ಯಬಾರದು ಎಂಬ ಪಟ್ಟಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿದೆ. 1920ರ ಪ್ರಾಂತೀಯ ದಿವಾಳಿ ಕಾಯ್ದೆಯೂ ಅದನ್ನೇ ಒಪ್ಪಿಕೊಂಡಿತು. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಧಾರ್ಮಿಕ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ. ಕುಶಲಕರ್ಮಿಗಾದರೆ ಅವನ ಸಲಕರಣೆ. ರೈತನಿಗಾದರೆ ಬೇಸಾಯದ ಮುಟ್ಟು, ಹೊಟ್ಟೆಪಾಡಿಗೆ ಬೇಕೆಂದು ಕೋರ್ಟು ಒಪ್ಪಿದಷ್ಟು ದನ, ಬಿತ್ತನೆ ಕಾಳು, ವಾಸದ ಮನೆ. ಕಾನೂನಿನ ಒಣ ಭಾಷೆಯಲ್ಲಿ ಇಷ್ಟು ಅಂತಃಕರಣ ಅಪರೂಪ. ಬಿತ್ತನೆ ಕಾಳನ್ನೇ ಹೊತ್ತೊಯ್ದರೆ ಮುಂದಿನ ವರ್ಷ ಸಾಲ ಕಟ್ಟುವವರಾರು ಎಂಬ ವ್ಯವಹಾರಜ್ಞಾನವೂ ಇದರಲ್ಲಿದೆ.

ಸಂಬಳದ ಲೆಕ್ಕ ಮಾತ್ರ ಬಿಗಿ. ಮೊದಲ ಸಾವಿರ ರೂಪಾಯಿ, ಮಿಕ್ಕಿದ್ದರಲ್ಲಿ ಮೂರನೇ ಎರಡು ಪಾಲು ನೌಕರನಿಗೆ. ಅಂದರೆ 19,000 ಸಂಬಳದವನು 6,000 ಬಿಟ್ಟುಕೊಡಬೇಕು. ಆ ‘ಸಾವಿರ’ 2002ರಲ್ಲಿ ಜಾರಿಯಾದ ತಿದ್ದುಪಡಿಯದು. ಅಂದಿನ ಸಾವಿರಕ್ಕೆ ಏನು ಬರುತ್ತಿತ್ತು, ಇಂದು ಏನು ಬರುತ್ತದೆ ಎಂಬುದನ್ನು ಕಿರಾಣಿ ಅಂಗಡಿಯವರನ್ನು ಕೇಳಿದರೆ ಸಾಕು.

2016ರ ದಿವಾಳಿ ಸಂಹಿತೆ ಕಾಲಕ್ಕೆ ತಕ್ಕಂತೆ ಪಟ್ಟಿಯನ್ನು ಹಿಗ್ಗಿಸಿತು: ದುಡಿಮೆಗೆ ಬೇಕಾದ ವಾಹನ, ಪುಸ್ತಕ, ಪಿಂಚಣಿ ಯೋಜನೆ ಸೇರಿಕೊಂಡವು. 2019ರ ನಿಯಮಗಳು ಒಡವೆಗೆ 1 ಲಕ್ಷ, ಮನೆಗೆ ಪಟ್ಟಣದಲ್ಲಿ 20 ಲಕ್ಷ, ಹಳ್ಳಿಯಲ್ಲಿ 10 ಲಕ್ಷ ಮಿತಿ ಹಾಕಿದವು. ಬೆಂಗಳೂರಿನಲ್ಲಿ 20 ಲಕ್ಷಕ್ಕೆ ಸೂರು ಹುಡುಕಿದವರಿಗೆ ಈ ದಯೆಯ ಅಳತೆ ಗೊತ್ತಾಗುತ್ತದೆ. ಆದರೆ ನನ್ನ ತಕರಾರು ಮೊತ್ತದ ಮೇಲಲ್ಲ, ಪಟ್ಟಿಯುದ್ದಕ್ಕೂ ಬರುವ ‘ಅಡವಿಲ್ಲದ’ ಎಂಬ ಷರತ್ತಿನ ಮೇಲೆ. ದಿವಾಳಿಯ ಹೊಸ್ತಿಲಿಗೆ ಬರುವಷ್ಟರಲ್ಲಿ ಬಳೆ ಬ್ಯಾಂಕಿನ ತಿಜೋರಿಯಲ್ಲಿರುತ್ತದೆ, ಮನೆಪತ್ರ ಸಾಲದ ಕಡತದಲ್ಲಿ, ಆಟೋ ಫೈನಾನ್ಸಿನವರ ಹೆಸರಿನಲ್ಲಿ. ಯಾವುದನ್ನೂ ಅಡವಿಡದೆ ದಿವಾಳಿಯಾಗುವ ಪುಣ್ಯಾತ್ಮರು ಎಷ್ಟು ಜನ? ಅಡವಿಟ್ಟುಕೊಂಡವರ ಹಕ್ಕನ್ನು ಅಳಿಸಿಹಾಕಿ ಎನ್ನುತ್ತಿಲ್ಲ. ಹಾಗೆ ಮಾಡಿದರೆ ಬಡವನಿಗೆ ಸಾಲವೇ ಹುಟ್ಟದು. ದುಡಿಯುವ ಸಲಕರಣೆ, ವಾಹನಗಳಿಗಾದರೂ ಕಂತು ಕಟ್ಟಿಕೊಂಡು ಉಳಿಸಿಕೊಳ್ಳುವ ದಾರಿಯನ್ನು ಈ ಪಟ್ಟಿಯಲ್ಲೇ ಬರೆಯಬಹುದಿತ್ತು.

ಇಷ್ಟೆಲ್ಲ ಚರ್ಚೆಗೊಳಗಾಗುವ ದಿವಾಳಿ ಸಂಹಿತೆಯ ಈ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಾದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಆಟೋ ಓಡಿಸುವವನಿಗೆ, ದರ್ಜಿಗೆ, ಕಿರಾಣಿ ಅಂಗಡಿಯವನಿಗೆ ಈಗಲೂ 1908ರ ಪಟ್ಟಿಯೇ ಗತಿ.