ನೀಳ್ಳು, ಪಾಣಿ, ನೀರು

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕನ್ನಡ ಶಾಲೆಯ ಒಂದನೇ ತರಗತಿಯ ಮಗು ‘ನೀಳ್ಳು’ ಎಂದರೆ ಮೇಡಂ ತಡವರಿಸುವುದಿಲ್ಲ. ‘ನೀರು ಬೇಕಾ? ಹೋಗಿ ಕುಡ್ಕೊಂಡ್ ಬಾ’ ಎನ್ನುತ್ತಾರೆ, ಮಗುವಿಗೆ ಒಂದು ಕನ್ನಡ ಪದ ಸಿಕ್ಕಿತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವುದು ಈ ಗಡಿ ಜಿಲ್ಲೆಗೆ ತಲೆಮಾರುಗಳ ರೂಢಿ. ಹೊಸ ಮಗುವನ್ನು ‘ಇಕ್ಕಡ ಕೂಚೋ’ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕನ್ನಡಕ್ಕೆ ತರುವ ಇಲ್ಲಿನ ಶಿಕ್ಷಕರ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ನನ್ನ ತಕರಾರು ಹುಟ್ಟುವುದೂ ಅಲ್ಲಿಂದಲೇ.

ಮಳೆಗಾಲ ಮುಗಿಯುತ್ತಿದ್ದಂತೆ ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಒಡಿಶಾ, ಬಿಹಾರ, ನಮ್ಮದೇ ಕಲಬುರಗಿ, ರಾಯಚೂರಿನ ಕಡೆಯಿಂದ ಕುಟುಂಬಗಳು ಬರುತ್ತವೆ. ಒಡಿಶಾದ ಮಗು ‘ಪಾಣಿ’ ಎಂದರೆ ಮಾತ್ರ ಅದಕ್ಕೆ ಭಾಷೆಯೇ ಬಾರದು ಎಂಬ ತೀರ್ಮಾನ. ‘ಪಾಪ, ಊಟಕ್ಕಾದ್ರೂ ಬರ್ಲಿ ಬಿಡಿ’ ಎನ್ನುವವರು ಕೆಟ್ಟವರಲ್ಲ. ಆದರೆ ಆ ‘ಪಾಪ’ದೊಳಗೆ ಈ ಮಗು ಕಲಿಯಬಲ್ಲದು ಎಂಬ ನಂಬಿಕೆ ಇಲ್ಲ. ‘ನಾಕ್ ತಿಂಗಳಿದ್ದು ಹೋಗೋ ಮಕ್ಳು ಸಾರ್, ಏನಂತ ಕಲಿಸೋದು?’ ಎಂಬ ಮಾತು ಬೈಗುಳಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಬೈಸಿಕೊಂಡ ಮಗು ಕಡೇಪಕ್ಷ ಶಿಕ್ಷಕರ ಕಣ್ಣಿಗೆ ಬಿದ್ದಿರುತ್ತದೆ.

2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿ.ಸಿ. ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಮಗುವನ್ನು ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದನ್ನು ವಿಶೇಷ ತರಬೇತಿಯಿಂದ ತುಂಬಿಸಬೇಕು. ಸೇರಿಸುವುದು ರಿಜಿಸ್ಟರಿನ ಕೆಲಸ, ಆಗುತ್ತದೆ. ತುಂಬಿಸುವುದಕ್ಕೆ ಮನಸ್ಸು ಬೇಕು.

ಸಾಧನವಿಲ್ಲವೆಂದು ನಾನು ಒಪ್ಪಲಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿ ಆಮೇಲೆ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ಅದರ ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಹತ್ತುತ್ತದೆ. ನಡುವೆ ಬಂದು ನಡುವೆ ಹೋಗುವ ಮಗುವಿಗೆ ಇದಕ್ಕಿಂತ ಒಗ್ಗುವ ಪದ್ಧತಿ ಯಾವುದಿದೆ? ನಲಿಕಲಿಯ ಗುಂಪುಗಳಲ್ಲಿ ಶಿಕ್ಷಕರ ಪೂರ್ಣ ಸಹಾಯ ಸಿಗುವ ಗುಂಪಿನಲ್ಲಿ ಮೊದಲು ಕೂರಬೇಕಾದ್ದು ಗೂಡಿನ ಮಗುವೇ. ಅದನ್ನು ಗೋಡೆಯ ಪಕ್ಕ ಕೂರಿಸುತ್ತಾರೆ.

ಒಬ್ಬರೇ ಶಿಕ್ಷಕರು ಮೂರು ತರಗತಿ ನೋಡಿಕೊಂಡು, ಮೇಲೆ ಚುನಾವಣೆ, ಗಣತಿಗೂ ಓಡುವ ಕಷ್ಟ ನನಗೆ ಗೊತ್ತು. ಅದೇ ಕಷ್ಟದಲ್ಲೇ ತೆಲುಗಿನ ಮಗು ಕನ್ನಡ ಕಲಿಯುತ್ತಿದೆಯಲ್ಲ! ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. 1983ರ ಜ್ಞಾನಪೀಠ ಬಂದದ್ದು ಅವರ ಕನ್ನಡಕ್ಕೆ. ಪರಭಾಷೆಯ ಮನೆಯಿಂದ ಬಂದವರನ್ನು ಕನ್ನಡ ತನ್ನವರನ್ನಾಗಿಸಿಕೊಂಡ ನೆಲವಿದು.

ಮುಂಗಾರಿಗೆ ಮೊದಲು ಗೂಡು ಆರುತ್ತದೆ. ಮಗು ತಟ್ಟೆ, ಬಟ್ಟೆ ಗಂಟು ಕಟ್ಟಿಕೊಂಡು ರೈಲು ಹತ್ತುತ್ತದೆ. ಯಾವ ಮೆಟ್ಟಿಲಿನವರೆಗೆ ಹತ್ತಿತ್ತು ಎಂದು ಬರೆದ ಒಂದು ಹಾಳೆಯೂ ಅದರ ಚೀಲದಲ್ಲಿ ಇರುವುದಿಲ್ಲ.