ಮುಪ್ಪು, ಪೂಜೆ, ದಾಸೋಹ: ಒಂದು ವಿಮರ್ಶೆ



ಶ್ರಾವಣದ ಸಂಜೆ ಹುಬ್ಬಳ್ಳಿ-ಧಾರವಾಡದ ಯಾವುದಾದರೊಂದು ಮಠದ ಪ್ರವಚನಕ್ಕೆ ಹೋಗಿ ನೋಡಿರಿ. ಗಂಡಸರ ಸಾಲಿನಲ್ಲಿ ಕಾಣುವವು ಬಹುತೇಕ ನರೆತ ತಲೆಗಳೇ. ಕಚೇರಿ, ಕಾಲೇಜು, ರೈಲ್ವೆ ಕಾರ್ಯಾಗಾರಗಳಿಂದ ನಿವೃತ್ತರಾದವರು ಭಕ್ತಿಯಿಂದ ಕುಳಿತಿರುತ್ತಾರೆ. ಅವರ ಮಕ್ಕಳನ್ನು ವಿಚಾರಿಸಿದರೆ, “ಸದ್ಯ ಸಂಸಾರದ ಭಾರವಿದೆ, ಪೂಜೆ-ಪುರಾಣಗಳಿಗೆ ಮುಂದೆ ವೇಳೆ ಇದ್ದೇ ಇದೆ” ಎನ್ನುತ್ತಾರೆ. ಹಿರಿಯರನ್ನು ಊರಿನ ಕೆಲಸಕ್ಕೆ ಕರೆದರೆ, “ನಮ್ಮದು ಮುಗಿಯಿತು; ಇನ್ನೇನಿದ್ದರೂ ಶಿವಧ್ಯಾನ” ಎಂಬ ಉತ್ತರ. ಎರಡೂ ಮಾತುಗಳಲ್ಲಿ ವಿನಯವಿದೆ. ಆದರೆ ಇವು ಶರಣಧರ್ಮಕ್ಕೆ ಸಲ್ಲುವ ಮಾತುಗಳೇ?

ಪೂಜೆಯನ್ನು ಮುಪ್ಪಿಗೆ ಮೀಸಲಿಡುವ ಭಾವನೆ ಆಶ್ರಮಧರ್ಮದ್ದು. ಗಾರ್ಹಸ್ಥ್ಯ ಮುಗಿದ ಮೇಲೆ ವಾನಪ್ರಸ್ಥವೆಂಬ ಮೆಟ್ಟಿಲುಗಳು ಶರಣರಿಗೆ ಬೇಕಾಗಲಿಲ್ಲ. ನಮ್ಮಲ್ಲಿ ಕೂಸಿಗೇ ಲಿಂಗ ಕಟ್ಟುವ ಸಂಪ್ರದಾಯವಿದೆ. ಬಸವಣ್ಣನವರು ಮುಪ್ಪಿನ ಲಕ್ಷಣಗಳನ್ನು ಒಂದೊಂದಾಗಿ ಎಣಿಸಿದ ವಚನವನ್ನು ನಾವು ವೃದ್ಧರಿಗಿತ್ತ ಎಚ್ಚರಿಕೆಯೆಂದು ಓದುತ್ತೇವೆ. ಅದರ ಭಾರವೆಲ್ಲ ನಿಂತಿರುವುದು ‘ಮುನ್ನ’ ಎಂಬ ಪದದ ಮೇಲೆ. ಆ ವಚನ ಕೇಳಬೇಕಾದವನು ಮುದುಕನಲ್ಲ, ತರುಣ.

ಅಂತೆಯೇ ಕಾಯಕಕ್ಕೆ ನಿವೃತ್ತಿಯ ವಯಸ್ಸಿಲ್ಲ. ಸರಕಾರ ನೌಕರಿಯಿಂದ ಬಿಡುಗಡೆ ಮಾಡೀತು; ದಾಸೋಹದಿಂದ ಬಿಡುಗಡೆ ಮಾಡುವ ಅಧಿಕಾರ ಯಾರಿಗೂ ಇಲ್ಲ.

1880ರಲ್ಲಿ ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರನ್ನು ನೆನೆಯಿರಿ. ವಿಜಯಪುರದಲ್ಲಿ ವಕೀಲಿ ಮಾಡುತ್ತಲೇ ಅವರು ವಚನಗಳ ಹಸ್ತಪ್ರತಿಗಳನ್ನು ಅರಸಿ ಕೂಡಿಸಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ, ‘ಶಿವಾನುಭವ’ ಪತ್ರಿಕೆ 1926ರಲ್ಲಿ ಹೊರಬಂದವು. ಜೊತೆಗೇ ಶಿಕ್ಷಣ ಮತ್ತು ಸಹಕಾರ ಸಂಸ್ಥೆಗಳಿಗೂ ದುಡಿದರು. 1964ರಲ್ಲಿ ಲಿಂಗೈಕ್ಯರಾದ ಅವರ ಬಾಳಿನಲ್ಲಿ ಸಮಾಜಕ್ಕೊಂದು ವಯಸ್ಸು, ಧರ್ಮಕ್ಕೊಂದು ವಯಸ್ಸು ಎಂಬ ವಿಂಗಡಣೆಯನ್ನು ನಾವು ಕಾಣೆವು.

ದೇಹಬಲ ಕುಂದಿದವರಿಂದ ಏನಾದೀತು ಎಂದು ಕೇಳಬಹುದು. ಬೇನೆಯಿಂದ ಹಾಸಿಗೆ ಹಿಡಿದವರ ಮಾತು ಬೇರೆ. ಆದರೆ ಪ್ರವಚನಕ್ಕೆ ನಡೆದು ಬರಬಲ್ಲವರು ಪ್ರಸಾದನಿಲಯದ ಹುಡುಗರಿಗೆ ಒಂದು ತಾಸು ಗಣಿತ ಹೇಳಿಕೊಡಲಾರರೇ? ನಮ್ಮಲ್ಲಿ ಅನೇಕರು ಮಠದ ಪ್ರಸಾದವುಂಡು ಓದಿ ಮುಂದೆ ಬಂದವರು. ಆ ಋಣ ಪುರಾಣ ಕೇಳಿದ ಮಾತ್ರಕ್ಕೆ ತೀರುವಂಥದಲ್ಲ. ತರುಣರು ಇಂದೇ ಲಿಂಗದತ್ತ ಮುಖ ಮಾಡಲಿ. ಹಿರಿಯರು ಇಂದೂ ಜಂಗಮದತ್ತ ಕೈ ಚಾಚಲಿ. ಬರುವ ಶ್ರಾವಣದಲ್ಲಿ ತಂದೆ-ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು, ಪ್ರವಚನ ಮುಗಿದ ಮೇಲೆ ಕೂಡಿಯೇ ದಾಸೋಹಕ್ಕೆ ಏಳುವಂತಾಗಲಿ.