ಬಜಾರಿನ ಕೋಣೆಯಿಂದ ಕಾಲೇಜಿಗೆ

1870ರ ಏಪ್ರಿಲ್. ಲಖನೌದ ಅಮೀನಾಬಾದ್ ಬಜಾರಿನ ಒಂದು ಕೋಣೆಯಲ್ಲಿ ಆರು ಹುಡುಗಿಯರು ಪಾಠಕ್ಕೆ ಕೂತರು. ಯಾರಾದರೂ ಗಲಾಟೆ ಎಬ್ಬಿಸಿಯಾರೆಂದು ಬಾಗಿಲಲ್ಲಿ ದೊಣ್ಣೆ ಹಿಡಿದ ಹುಡುಗನ ಕಾವಲು ಬೇರೆ! ಪಾಠ ಹೇಳಿದವರು ಅಮೆರಿಕದ ಓಹಿಯೋದಿಂದ ಬಂದ ಮೆಥಡಿಸ್ಟ್ ಮಿಷನರಿ ಇಸಾಬೆಲ್ಲಾ ಥೋಬರ್ನ್.

ಹೆಣ್ಣುಮಕ್ಕಳ ಶಾಲೆ ತೆರೆದ ಮಿಷನರಿಗಳು ಆಗಲೂ ಇದ್ದರು. ಆ ಹುಡುಗಿಯರಿಗೆ ಕಾಲೇಜೂ ಬೇಕೆಂದು ಪಟ್ಟು ಹಿಡಿದವರು ವಿರಳ. ಥೋಬರ್ನ್ ಹಿಡಿದರು, 1886ರಲ್ಲಿ ಕಾಲೇಜು ತರಗತಿಗಳು ಶುರುವಾದವು. ಅವರ ಶಿಷ್ಯೆ ಲೀಲಾವತಿ ಸಿಂಗ್ ಅಲ್ಲೇ ಅಧ್ಯಾಪಕಿಯಾದರು, 1900ರಲ್ಲಿ ನ್ಯೂಯಾರ್ಕಿನ ಮಿಷನರಿ ಸಮ್ಮೇಳನದಲ್ಲಿ ಭಾಷಣ ಮಾಡಿದರು. ಮೇಷ್ಟ್ರ ಕಸುಬಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಉಂಟೆ?

1901ರಲ್ಲಿ ಥೋಬರ್ನ್ ಲಖನೌದಲ್ಲೇ ಕಾಲರಾದಿಂದ ತೀರಿಕೊಂಡರು. ಕಾಲೇಜು ಇಂದಿಗೂ ಅವರ ಹೆಸರಿನಲ್ಲಿ ನಡೆಯುತ್ತಿದೆ.